ಯಂತ್ರಬುದ್ಧಿಯೂ ಕಾಯಕತತ್ತ್ವವೂ

ಕಾಯಕ ದಾಸೋಹಗಳೆಂಬುವು ಶರಣಧರ್ಮದ ಎರಡು ಕಣ್ಣುಗಳು. ಲೋಕದಲ್ಲಿ ಹೊಸದೊಂದು ಉಪಕರಣವು ತಲೆದೋರಿದಾಗಲೆಲ್ಲ ಅದನ್ನು ಈ ಎರಡು ತತ್ತ್ವಗಳ ಒರೆಗಲ್ಲಿಗೆ ತಿಕ್ಕಿ ನೋಡುವುದು ಸದ್ಭಕ್ತರಿಗೆ ಉಚಿತವಾದ ಕ್ರಮ. 'ಕೃತಕ ಬುದ್ಧಿಮತ್ತೆ'ಯೆಂಬ ಹೆಸರಿನಿಂದ ಈಗ ಮೊಬೈಲಿನ ಮೂಲಕ ಮನೆಮನೆಗೂ ಬಂದಿರುವ ಯಂತ್ರಬುದ್ಧಿಯನ್ನೂ ಹೀಗೆಯೇ ವಿಚಾರಿಸತಕ್ಕದ್ದು. ಕೆಲವರು ಅದನ್ನು ಕಲ್ಪವೃಕ್ಷವೆಂದು ಕೊಂಡಾಡುವರು. ಕೆಲವರು ಅನ್ನವನ್ನು ಕಸಿಯುವ ಮಾರಿಯೆಂದು ಅಂಜುವರು. ಸ್ವರೂಪವನ್ನರಿಯದೆ ಸ್ತುತಿನಿಂದೆಗಳಲ್ಲಿ ತೊಡಗುವುದು ವಿವೇಕಿಗಳ ಲಕ್ಷಣವಲ್ಲ.

ಯಂತ್ರಬುದ್ಧಿಯ ಸ್ವರೂಪ

ಮನುಷ್ಯರು ಬರೆದ, ನುಡಿದ, ಚಿತ್ರಿಸಿದ ಅಪಾರ ಸಾಮಗ್ರಿಯನ್ನು ಗಣಕಯಂತ್ರಕ್ಕೆ ಒದಗಿಸಿದರೆ, ಒಂದು ಮಾತಿನ ಬಳಿಕ ಯಾವ ಮಾತು ಬರುವ ಸಂಭವ ಹೆಚ್ಚೆಂಬುದನ್ನು ಅದು ಗಣಿತದಿಂದ ಎಣಿಸಿಕೊಳ್ಳುತ್ತದೆ. ಆ ಎಣಿಕೆಯ ಬಲದಿಂದಲೇ ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ. 2022ರ ನವೆಂಬರಿನಲ್ಲಿ 'ಚಾಟ್‌ಜಿಪಿಟಿ'ಯೆಂಬ ಇಂಥ ಸಾಧನವು ಸಾರ್ವಜನಿಕರಿಗೆ ದೊರೆತಂದಿನಿಂದ ಇದರ ಪ್ರಚಾರವು ವಿಶೇಷವಾಯಿತು. ಅರ್ಜಿ ಬರೆಯುವುದು, ಭಾಷಾಂತರಿಸುವುದು, ಲೆಕ್ಕ ನೋಡುವುದು, ದೂರವಾಣಿಯಲ್ಲಿ ಬಂದವರಿಗೆ ಉತ್ತರ ಹೇಳುವುದು ಮೊದಲಾದ ಕೆಲಸಗಳನ್ನು ಇದು ಕ್ಷಣದಲ್ಲಿ ಮಾಡಬಲ್ಲುದು. ಆದರೆ ತಪ್ಪನ್ನೂ ಸರಿಯಷ್ಟೇ ಧೈರ್ಯದಿಂದ ಹೇಳಬಲ್ಲುದು. ಅದಕ್ಕೆ ಮಾತುಂಟು, ಆಡಿದ ಮಾತಿಗೆ ಹೊಣೆಯಾಗುವ ಅರಿವಿಲ್ಲ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ವಿಚಾರವನ್ನು ನೋಡಬೇಕು.

ಕಾಯಕಲಕ್ಷಣ

ಕಾಯದಿಂದ ಮಾಡಲ್ಪಡುವುದು ಕಾಯಕವೆಂಬುದು ಸ್ಥೂಲಾರ್ಥ. ಸತ್ಯಶುದ್ಧವಾಗಿ, ತನ್ನದೆಂಬ ಹೊಣೆಯಿಂದ, ಸಮಾಜಕ್ಕೆ ಹಿತವಾಗುವಂತೆ ಮಾಡಿದ ದುಡಿಮೆಯೇ ಕಾಯಕವೆಂಬುದು ಶರಣರ ಅಭಿಮತ. ನುಲಿಯ ಚಂದಯ್ಯನ ಕಥೆ ಇದಕ್ಕೆ ನಿದರ್ಶನ. ಹಗ್ಗದ ಹುಲ್ಲನ್ನು ಕೊಯ್ಯುವಾಗ ಇಷ್ಟಲಿಂಗವು ಜಾರಿದರೂ ಆತನು ಕಾಯಕವನ್ನು ನಿಲ್ಲಿಸಲಿಲ್ಲ. ಕಡೆಗೆ ಲಿಂಗದೇವನಿಗೂ ಕಾಯಕವು ತಪ್ಪಲಿಲ್ಲವೆಂದು ಪ್ರತೀತಿ.

ಹಾಗಾದರೆ ಉಪಕರಣವು ಕಾಯಕಕ್ಕೆ ವಿರೋಧಿಯೇ? ಅಲ್ಲ. ಅಂಬಿಗನಿಗೆ ದೋಣಿಯೂ ನೇಕಾರನಿಗೆ ಮಗ್ಗವೂ ಉಪಕರಣಗಳೇ. ಫ. ಗು. ಹಳಕಟ್ಟಿಯವರು 1925ರಲ್ಲಿ ಮನೆಯನ್ನು ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸದೆ ಇದ್ದಿದ್ದರೆ, ತಾಳೆಗರಿಗಳಲ್ಲಿದ್ದ ವಚನಗಳು ಅಷ್ಟು ಬೇಗ ಗೃಹಸ್ಥರ ಕೈಸೇರುತ್ತಿರಲಿಲ್ಲ. ಅಲ್ಲಿಯೂ ಯಂತ್ರವು ಅಚ್ಚೊತ್ತಿತು. ಪಾಠವನ್ನು ಶೋಧಿಸಿ ಅದಕ್ಕೆ ಹೊಣೆಯಾದವರು ಹಳಕಟ್ಟಿಯವರು. ಆದಕಾರಣ ದುಡಿಮೆಯ ಭಾರವನ್ನು ಯಂತ್ರಕ್ಕೆ ಹೊರಿಸಬಹುದು, ಹೊಣೆಯನ್ನು ಹೊರಿಸಲಾಗದು ಎಂಬುದು ಇಲ್ಲಿಯ ಸಿದ್ಧಾಂತ.

ಈ ಸಿದ್ಧಾಂತಕ್ಕೆ ಆಳಂದದಲ್ಲಿಯೇ ಒಂದು ಉದಾಹರಣೆಯುಂಟು. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರುಗಳನ್ನು ತೆಗೆಯಬೇಕೆಂದು 6,018 ಅರ್ಜಿಗಳು ಅಂತರ್ಜಾಲದ ಮೂಲಕ ಬಂದವು. ಪರಿಶೀಲಿಸಿದಾಗ 24 ಮಾತ್ರ ಸರಿಯಾದವೆಂದೂ ಉಳಿದ 5,994 ಸರಿಯಲ್ಲವೆಂದೂ ಕಂಡುಬಂದಿತು. ಯಾರ ಹೆಸರಿನಲ್ಲಿ ಅರ್ಜಿ ಬಂದಿತ್ತೋ ಅವರಲ್ಲಿ ಕೆಲವರಿಗೆ ಅದರ ಸುಳಿವೇ ಇರಲಿಲ್ಲ. ಇದನ್ನು ಯಂತ್ರಬುದ್ಧಿಯ ಕೃತ್ಯವೆನ್ನಲಾಗದು. ಆದರೆ ಕೈ ಕಾಣದಂತೆ ಕೆಲಸ ನಡೆದರೆ ಏನಾಗುವುದೆಂಬುದನ್ನು ಇದು ಚೆನ್ನಾಗಿ ತೋರಿಸುತ್ತದೆ. ಕಾಗದದ ಮೇಲೆ ಆ ಅರ್ಜಿಗಳೆಲ್ಲ ಸರಿಯಾಗಿಯೇ ಇದ್ದವು. ಮನೆಬಾಗಿಲಿಗೆ ಹೋಗಿ, 'ಈ ಅರ್ಜಿ ನಿಮ್ಮದೇ?' ಎಂದು ಮನುಷ್ಯರು ಮನುಷ್ಯರನ್ನು ಕೇಳಿದ್ದರಿಂದ ಸಾವಿರಾರು ಜನರ ಹಕ್ಕು ಉಳಿಯಿತು. ಹೀಗೆ ಬಾಗಿಲಿಗೆ ಹೋಗಿ ಕೇಳುವುದೇ ಕಾಯಕ. ಪಡಿತರ, ಪಿಂಚಣಿ, ಬೆಳೆವಿಮೆ, ಸಾಲ ಇವುಗಳ ನಿರ್ಣಯವನ್ನು ಯಂತ್ರವೇ ಮಾಡುವ ಕಾಲವು ಬಂದರೆ, ಈ ಕಾಯಕವನ್ನು ಬಿಡಿಸದಂತೆ ನೋಡಿಕೊಳ್ಳುವುದು ಸಮಾಜದ ಧರ್ಮ.

ಪೂರ್ವಪಕ್ಷ, ಸಮಾಧಾನ

'ಯಂತ್ರವು ದುಡಿದರೆ ಮನುಷ್ಯನಿಗೆ ಬಿಡುವು ದೊರೆತು ಶಿವಪೂಜೆಗೂ ಸ್ವಾಧ್ಯಾಯಕ್ಕೂ ಅವಕಾಶವಾಗದೇ?' ಎಂದು ಕೆಲವರು ಕೇಳಬಹುದು. ಆ ಬಿಡುವು ಯಾರಿಗೆಂಬುದನ್ನು ಮೊದಲು ನೋಡಬೇಕು. ಆಳಂದ ತಾಲೂಕಿನ ಖಜೂರಿಯ ಸುತ್ತಣ ಒಕ್ಕಲುಮನೆಯನ್ನೇ ತೆಗೆದುಕೊಳ್ಳಬಹುದು. ತಂದೆ ತೊಗರಿ ಬೆಳೆದು, ಅಡತಿಯಲ್ಲಿ ಸಾಲವೆತ್ತಿ ಮಗನನ್ನೋ ಮಗಳನ್ನೋ ಪದವಿಯವರೆಗೆ ಓದಿಸಿರುತ್ತಾನೆ. ಆ ಮಕ್ಕಳು ಕಲಬುರಗಿಯಲ್ಲೋ ಸೊಲ್ಲಾಪುರದಲ್ಲೋ ಬೆಂಗಳೂರಿನಲ್ಲೋ ಹಿಡಿಯುವ ಮೊದಲ ಕೆಲಸವು ಸಾಮಾನ್ಯವಾಗಿ ಬರೆವಣಿಗೆಯದು, ಲೆಕ್ಕದ್ದು ಇಲ್ಲವೆ ದೂರವಾಣಿಯದು. ಯಂತ್ರಬುದ್ಧಿಯು ಮೊದಲು ಕೈಯಿಡುತ್ತಿರುವುದೂ ಇಂಥ ಕೆಲಸಗಳಿಗೇ. ಮೇಲಿನ ಮಹಡಿಯಲ್ಲಿರುವವರಿಗೆ ಬಿಡುವು ದೊರೆತು, ಕೆಳಗಿನವರಿಗೆ ಏಣಿಯ ಮೊದಲ ಮೆಟ್ಟಿಲೇ ಇಲ್ಲವಾದರೆ ಅದು ಬಿಡುವಲ್ಲ, ಅನ್ಯಾಯ.

'ಹಾಗಾದರೆ ಇದನ್ನು ವರ್ಜಿಸುವುದೇ ಲೇಸು' ಎಂಬುದು ಎರಡನೆಯ ಪಕ್ಷ. ಅದೂ ಯುಕ್ತವಲ್ಲ. ಓದುಬರಹವಿಲ್ಲದ ತಾಯಿಯು ತನ್ನ ಮಾತಿನಲ್ಲಿಯೇ ಕೇಳಿ ಉತ್ತರ ಪಡೆಯುವುದು, ಕಣ್ಣಿಲ್ಲದವರು ಪುಸ್ತಕವನ್ನು ಓದಿಸಿಕೊಂಡು ಕೇಳುವುದು ಸಣ್ಣ ಉಪಕಾರವಲ್ಲ. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ 'ಭಾಷಿಣಿ' ಯೋಜನೆಯ ಉದ್ದೇಶವೂ ದೇಶಭಾಷೆಗಳಲ್ಲಿ ಇಂಥ ಸೌಕರ್ಯವನ್ನು ಒದಗಿಸುವುದೇ ಆಗಿದೆ. ಜ್ಞಾನವು ಒಂದೇ ಭಾಷೆಯ, ಒಂದೇ ವರ್ಗದ ಸ್ವತ್ತಾಗಬಾರದೆಂದು ಜನರಾಡುವ ಕನ್ನಡದಲ್ಲಿಯೇ ಅನುಭಾವವನ್ನು ನುಡಿದ ಶರಣರ ಸಂತತಿಯು ಇದನ್ನು ದೂರತಕ್ಕದ್ದಲ್ಲ.

ದಾಸೋಹದೃಷ್ಟಿ

ಇನ್ನುಳಿದ ಪ್ರಶ್ನೆಯು ಫಲದ್ದು. ಯಂತ್ರದಿಂದ ಬಂದ ಹೆಚ್ಚುವರಿ ಯಾರಿಗೆ ಸೇರಬೇಕು? ಮಾರಯ್ಯನು ಆಯ್ದು ತಂದ ಅಕ್ಕಿಯು ಆ ದಿನದ ಅಗತ್ಯಕ್ಕಿಂತ ಹೆಚ್ಚಾಗಿರಲು, ಲಕ್ಕಮ್ಮನು ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕಟ್ಟಿದಳು. ಮಿಕ್ಕದ್ದು ಮನೆಯದಲ್ಲ, ಸಮಾಜದ್ದೆಂಬುದು ಆ ತಾಯಿಯ ನಿರ್ಣಯ. ಅರಳಗುಂಡಗಿಯಲ್ಲಿ ಒಕ್ಕಲುತನ ಮಾಡಿ, ಮುಂದೆ ಕಲಬುರಗಿಯಲ್ಲಿ ನೆಲಸಿ 1822ರಲ್ಲಿ ಲಿಂಗೈಕ್ಯರಾದ ಶ್ರೀ ಶರಣಬಸವೇಶ್ವರರು ಬೆಳೆದ ಬೆಳೆಯನ್ನು ದಾಸೋಹಕ್ಕೆ ಸಲ್ಲಿಸಿದ್ದೂ ಇದೇ ನಿರ್ಣಯದ ಆಚರಣೆ.

ಯಂತ್ರಬುದ್ಧಿಗೂ ಇದು ಅನ್ವಯಿಸುತ್ತದೆ. ಕನ್ನಡವನ್ನು ಬಲ್ಲ ಯಂತ್ರವು ಕನ್ನಡಿಗರ ಬಾಯಿಂದಲೇ ಕಲಿತದ್ದು. ಬೆಂಗಳೂರಿನ 'ಕಾರ್ಯ' ಎಂಬ ಸಂಸ್ಥೆಯು ಹಳ್ಳಿಗಳ ಜನರಿಂದ ಕನ್ನಡ ವಾಕ್ಯಗಳನ್ನು ಓದಿಸಿ, ಧ್ವನಿಯನ್ನು ಮುದ್ರಿಸಿಕೊಂಡು ಅವರಿಗೆ ಹಣ ಕೊಡುತ್ತದೆ. ಆ ಸಾಮಗ್ರಿಯು ಮತ್ತೆ ಮಾರಾಟವಾದರೆ ಅದರ ಪಾಲನ್ನೂ ಅವರಿಗೆ ಸಲ್ಲಿಸುವ ನಿಯಮವನ್ನಿಟ್ಟುಕೊಂಡಿದೆ. ನುಡಿದವರಿಗೂ ಫಲವು ಮುಟ್ಟಬೇಕೆಂಬ ಈ ರೀತಿಯು ದಾಸೋಹಕ್ಕೆ ಸಮೀಪವಾದುದು.

ತೊಗರಿಯ ವಿಷಯವೂ ಹೀಗೆಯೇ. 2017ರಲ್ಲಿ ಕರ್ನಾಟಕ ಸರ್ಕಾರವು ಮೈಕ್ರೋಸಾಫ್ಟ್ ಕಂಪನಿಯೊಡನೆ ಒಡಂಬಡಿಕೆ ಮಾಡಿಕೊಂಡಾಗ, ಬಿತ್ತನೆಯ ಕ್ಷೇತ್ರ, ಹವೆ, ಇಳುವರಿ, ಉಪಗ್ರಹದ ಚಿತ್ರ ಇವುಗಳ ಆಧಾರದಿಂದ ಬೆಲೆಯನ್ನು ಮುಂಗಾಣುವ ವಿಧಾನವನ್ನು ರೂಪಿಸಲು ರಾಜ್ಯದ ಕೃಷಿ ಬೆಲೆ ಆಯೋಗವು ತೊಗರಿಯನ್ನೇ ಆರಿಸಿಕೊಂಡಿತು. ಇಂಥ ಮುನ್ನರಿವು ರಾಶಿಗೆ ಮುಂಚೆ ಒಕ್ಕಲಿಗನ ಕೈಗೆ ದೊರೆತರೆ ಅವನು ಮಾರುವ ಕಾಲವನ್ನು ತಾನೇ ಗೊತ್ತುಮಾಡಿಕೊಳ್ಳುವನು. ವ್ಯಾಪಾರಿಯ ಕೈಯಲ್ಲಿ ಮಾತ್ರ ಉಳಿದರೆ ಅದೇ ಮುನ್ನರಿವು ಒಕ್ಕಲಿಗನನ್ನು ಅಗ್ಗದ ಧಾರಣೆಗೆ ಮಾರಿಸುವುದು. ಯಂತ್ರವು ಒಂದೇ, ಹಂಚಿಕೆಯ ಭೇದದಿಂದ ಫಲವು ಬೇರೆಯಾಯಿತು.

ಆಚರಣೆ

ಗೃಹಸ್ಥರು ಆಚರಿಸತಕ್ಕದ್ದೇನೆಂದರೆ:

1. ಯಂತ್ರವು ಹೇಳಿದ ಔಷಧ, ಕಾನೂನು, ಹಣ ಇವುಗಳ ಮಾತನ್ನು ಬಲ್ಲವರನ್ನು ಕೇಳದೆ ನಂಬಬಾರದು. ವಚನವೆಂದು ಅದು ಕೊಟ್ಟ ಸಾಲನ್ನು ಮುದ್ರಿತ ಗ್ರಂಥದೊಡನೆ ಹೋಲಿಸದೆ ಶರಣರ ಹೆಸರಿನಲ್ಲಿ ಪ್ರಚಾರ ಮಾಡಬಾರದು; ಯಾರದೋ ಮಾತಿಗೆ ಅಂಕಿತವನ್ನು ಹಚ್ಚುವುದು ಮಹಾಪರಾಧ.

2. ಮಕ್ಕಳು ಇದರ ಬಳಕೆಯನ್ನು ಕಲಿಯಲಿ. ಆದರೆ ಓದು, ಬರಹ, ಲೆಕ್ಕಗಳನ್ನು ಮೊದಲು ಸ್ವಂತವಾಗಿ ಸಾಧಿಸಲಿ. ತಾನು ಬಲ್ಲವನಿಗೆ ಮಾತ್ರ ಯಂತ್ರದ ತಪ್ಪು ಕಾಣುವುದು.

3. ಅಂಗಡಿ, ಗಿರಣಿ, ಕಚೇರಿಗಳನ್ನು ನಡೆಸುವ ಭಕ್ತರು ಯಂತ್ರವನ್ನು ತಂದು ಆಳನ್ನು ಬಿಡಿಸುವ ಮೊದಲು, ಉಳಿತಾಯದ ಒಂದು ಪಾಲಿನಿಂದ ಆತನಿಗೆ ಬೇರೆ ಕೆಲಸವನ್ನು ಕಲಿಸಲಿ. ಇದು ಉಪಕಾರವಲ್ಲ, ಲಕ್ಕಮ್ಮನು ಹಿಂದಿರುಗಿಸಿದ ಅಕ್ಕಿ.

4. ಸರ್ಕಾರದ ಸೌಲಭ್ಯವು ಯಂತ್ರದ ನಿರ್ಣಯದಿಂದ ತಪ್ಪಿದರೆ, 'ಯಂತ್ರ ಹೇಳಿತು' ಎಂಬ ಉತ್ತರವನ್ನು ಒಪ್ಪದೆ, ಹೊಣೆಗಾರನಾದ ಅಧಿಕಾರಿ ಯಾರೆಂದು ಕೇಳಿ ತಿಳಿಯಬೇಕು. ಅಕ್ಷರವಿಲ್ಲದ ನೆರೆಯವರ ಪರವಾಗಿ ಅಕ್ಷರಸ್ಥರು ಕಚೇರಿಗೆ ಹೋಗಿ ಕೇಳುವುದು ಇಂದಿನ ಕಾಲಕ್ಕೆ ಒಪ್ಪುವ ದಾಸೋಹ.

ಕಲ್ಯಾಣದಲ್ಲಿ ಅಂಬಿಗರೂ ಮಡಿವಾಳರೂ ನೇಕಾರರೂ ಒಂದೇ ಅನುಭವಮಂಟಪದಲ್ಲಿ ಕುಳಿತು ತಮ್ಮ ತಮ್ಮ ಕಾಯಕದ ಮರ್ಮವನ್ನು ಕುರಿತು ಚರ್ಚಿಸಿದರು. ಯಂತ್ರಬುದ್ಧಿಯ ವಿಷಯದಲ್ಲಿಯೂ ಒಕ್ಕಲಿಗರು, ಗುಮಾಸ್ತರು, ಉಪಾಧ್ಯಾಯರು, ಕೂಲಿಯವರು ತಮ್ಮೂರಿನ ಮಠದಲ್ಲಾಗಲಿ ಚಾವಡಿಯಲ್ಲಾಗಲಿ ಕೂಡಿ ಮಾತನಾಡಿಕೊಳ್ಳುವುದು ಅವಶ್ಯ. ಇದರ ಲಾಭನಷ್ಟಗಳನ್ನು ಉಣ್ಣತಕ್ಕವರು ಅವರೇ ಆದುದರಿಂದ, ಇದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದೆಂಬ ನಿರ್ಣಯದಲ್ಲಿಯೂ ಅವರ ಮಾತು ಸಲ್ಲತಕ್ಕದ್ದು.