ಫಿಷರ್ ಆಪರೇಷನ್ ಆದಮೇಲೆ ಊಟ ಬಿಡಬೇಡಿ

ಮಲ ಹೋಗುವಾಗ ಗಾಜಿನ ಚೂರು ಕೊಯ್ದಂಥ ಉರಿ, ಆಮೇಲೆ ತಾಸುಗಟ್ಟಲೆ ನೋವು, ಒಂದೆರಡು ಹನಿ ಕೆಂಪು ರಕ್ತ ಇದ್ದರೆ ಅದು ಬಹುತೇಕ ಗುದದ ಸೀಳು, ಅಂದರೆ ಫಿಷರ್. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆ ಇದನ್ನೂ ಮೂಲವ್ಯಾಧಿಯ ಲೆಕ್ಕಕ್ಕೇ ಹಾಕುತ್ತಾರೆ. ಸೀಳಿನ ಅಂಚಿನಲ್ಲಿ ಬೆಳೆದ ಚರ್ಮದ ತುಣುಕನ್ನು ಮೊಳೆ ಎಂದು ತಿಳಿದು, ರಸ್ತೆಬದಿಯ ಬೋರ್ಡು ನಂಬಿ ಇಂಜೆಕ್ಷನ್ ಮಾಡಿಸಿಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಔಷಧದ ದಾರ ಕಟ್ಟುವ ಕ್ಷಾರಸೂತ್ರವೂ ಇದಕ್ಕಲ್ಲ, ಅದು ಮುಖ್ಯವಾಗಿ ಭಗಂದರಕ್ಕೆ, ಅಂದರೆ ಫಿಸ್ಟುಲಾಕ್ಕೆ.

ಮೊದಲು ಸರ್ಜನ್‌ಗೆ ತೋರಿಸಿ. ಹೊಸ ಸೀಳು ಬಹಳಷ್ಟು ಸಲ ಔಷಧದಲ್ಲೇ ಮಾಯುತ್ತದೆ. ಡಿಲ್ಟಿಯಾಜೆಮ್‌ನಂಥ ಮುಲಾಮು ಕೊಟ್ಟರೆ 6ರಿಂದ 8 ವಾರ ಹಚ್ಚಬೇಕು. ನಾಲ್ಕು ದಿನಕ್ಕೇ ಬಿಟ್ಟು 'ಗುಣ ಆಗಲಿಲ್ಲ' ಎನ್ನಬೇಡಿ. ಅದಕ್ಕೂ ಬಗ್ಗದಿದ್ದರೆ ಆಪರೇಷನ್. ವಿಜಯಪುರದ ಜಿಲ್ಲಾಸ್ಪತ್ರೆ, ಬಿಎಲ್‌ಡಿಇಯ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜು ಆಸ್ಪತ್ರೆ ಎರಡರಲ್ಲೂ ಶಸ್ತ್ರಚಿಕಿತ್ಸಾ ವಿಭಾಗವಿದೆ. ಬಿಪಿಎಲ್ ಕಾರ್ಡು, ಆಧಾರ್ ಒಯ್ದು, ಆಯುಷ್ಮಾನ್ ಯೋಜನೆಯಲ್ಲಿ ಆಗುತ್ತದೆಯೇ ಎಂದು ದಾಖಲಾಗುವ ಮೊದಲೇ ಕೇಳಿ.

ಗುದದ ಒಳಸ್ನಾಯು ಸದಾ ಬಿಗಿದಿರುವುದರಿಂದ ಸೀಳಿಗೆ ರಕ್ತ ಸಾಲದೆ ಗಾಯ ಮಾಯುವುದಿಲ್ಲ. ಆಪರೇಷನ್‌ನಲ್ಲಿ ಪಕ್ಕದಲ್ಲಿ ಆ ಸ್ನಾಯುವನ್ನು ಸ್ವಲ್ಪ ಕತ್ತರಿಸಿ ಬಿಗಿ ಸಡಿಲಿಸುತ್ತಾರೆ. ಹೆಚ್ಚಿನವರು ಅದೇ ದಿನ, ಇಲ್ಲವೇ ಮರುದಿನ ಮನೆಗೆ. ಕೆಲವರಿಗೆ ಗಾಳಿ ತಡೆಯುವ ಹಿಡಿತ ಸಡಿಲಾಗಬಹುದು. ಹೆರಿಗೆಯಲ್ಲಿ ಹರಿದು ಹೊಲಿಗೆ ಬಿದ್ದ ಹೆಣ್ಣುಮಕ್ಕಳು ಅದನ್ನು ಮೊದಲೇ ಹೇಳಲೇಬೇಕು. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಗುಳಿಗೆಯ ವಿಷಯವನ್ನೂ ಮುಚ್ಚಿಡಬೇಡಿ.

ಬಹಳ ಜನ ಎಡವುವುದು ಆಪರೇಷನ್ ಆದಮೇಲೆ. ಸಂಡಾಸಿಗೆ ಹೋದರೆ ನೋವಾಗುತ್ತದೆಂದು ಹೆದರಿ ಎರಡು ಮೂರು ದಿನ ಚಹಾ, ಬ್ರೆಡ್ಡಿನ ಮೇಲೇ ಇರುತ್ತಾರೆ. ಮಲ ಒಳಗೇ ಗಟ್ಟಿಯಾಗಿ, ಹೊರಬರುವಾಗ ಗಾಯವನ್ನು ಕೆದಕುತ್ತದೆ. ಮತ್ತೆ ನೋವು, ಮತ್ತೆ ಉಪವಾಸ. ಡಾಕ್ಟರು ಊಟ ಮಾಡಬಹುದು ಎಂದ ಹೊತ್ತಿನಿಂದಲೇ ಉಣ್ಣಿ. ಜೋಳದ ರೊಟ್ಟಿಯನ್ನು ಬೇಳೆಸಾರಿನಲ್ಲಿ ನೆನೆಸಿ, ಜೊತೆಗೆ ಪುಂಡಿಪಲ್ಯ, ಮೆಂತ್ಯ, ಪಪ್ಪಾಯಿ. ಕೆಂಪುಖಾರ, ಶೇಂಗಾ ಹಿಂಡಿ ಕೆಲ ವಾರ ದೂರವಿರಲಿ. ಇಸಬಗೋಲನ್ನು ತುಂಬಿದ ಲೋಟ ನೀರಿನಲ್ಲಿ ಕದಡಿ ಕೂಡಲೇ ಕುಡಿಯಿರಿ. ನೀರು ಕಡಿಮೆಯಾದರೆ ಅದೇ ಮಲಬದ್ಧತೆ ತರುತ್ತದೆ. ಬರೆದುಕೊಟ್ಟ ಮಲ ಸಡಿಲಿಸುವ ಸಿರಪ್ಪನ್ನು ನೋವು ಇಳಿಯಿತೆಂದು ನಿಲ್ಲಿಸಬೇಡಿ. ನೋವು ಕೆಲ ದಿನಗಳಲ್ಲೇ ಇಳಿದರೂ ಗಾಯ ಪೂರ್ತಿ ಮಾಯಲು ವಾರಗಳೇ ಬೇಕು.

ಇನ್ನೊಂದು ಮಾತು, ಮನೆಯ ಗಂಡಸರಿಗೆ. ಕತ್ತಲಾಗಲಿ ಎಂದು ಹೆಣ್ಣುಮಕ್ಕಳು ದಿನವಿಡೀ ಮಲ ತಡೆದುಕೊಳ್ಳುವುದು ಈ ರೋಗಕ್ಕೆ ಗೊಬ್ಬರ. ಕಟ್ಟಿಸಿದ ಶೌಚಾಲಯದಲ್ಲಿ ಹೊಟ್ಟಿನ ಚೀಲ ಒಟ್ಟಿದ್ದರೆ ತೆಗೆಸಿ.

ಆಪರೇಷನ್ ಆದಮೇಲೆ ದಿನಕ್ಕೆ ಎರಡು ಮೂರು ಸಲ, ಮಲ ಹೋದ ಮೇಲೂ, ಅಗಲ ಟಬ್ಬಿನ ಉಗುರುಬೆಚ್ಚಗಿನ ನೀರಿನಲ್ಲಿ 10–15 ನಿಮಿಷ ಕುಳಿತುಕೊಳ್ಳಿ. ಡೆಟಾಲ್, ಉಪ್ಪು ಬೇಡ. ಮಲ ಹೋಗುವಾಗ ತಿಣುಕಬೇಡಿ, ಸಂಡಾಸಿಗೆ ಮೊಬೈಲ್ ಒಯ್ಯಬೇಡಿ. ಬೈಕು, ಭಾರ ಎತ್ತುವುದು ಡಾಕ್ಟರು ಹೇಳಿದ ಮೇಲೆ. ಜ್ವರ, ಕೀವು, ನಿಲ್ಲದ ರಕ್ತ, ಮೂತ್ರ ಕಟ್ಟುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ.