ದೀಪಗಳ ಸಾಲು ನೇರವಿರಲಿ

ವಿಶಾಖಪಟ್ಟಣದಲ್ಲಿ ನೀವು, ವಿಜಯವಾಡದಲ್ಲಿ ಓದುವ ಮಗಳು. ರಜೆಯಲ್ಲಿ ಇಬ್ಬರೂ ಸೇರಿ ಪಿಐಡಿಪಿ-8 ಕಿಟ್ ಜೋಡಿಸಬೇಕೆಂಬ ಆಸೆಗೆ ನನ್ನ ಪೂರ್ಣ ಸಮ್ಮತಿಯಿದೆ. ಬೆಸುಗೆ ಬಾರದೆಂಬ ಅಂಜಿಕೆ ಬಿಡಿ. ಈ ಕಿಟ್ 1968ರ ಪಿಡಿಪಿ-8/ಐ ಕಂಪ್ಯೂಟರಿನ ಮುಂಫಲಕದ ಕಿರಿದಾದ ಪ್ರತಿರೂಪ. ಲೆಕ್ಕವನ್ನೆಲ್ಲ ಒಳಗಿನ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಮಾಡುತ್ತದೆ. ನಿಮ್ಮ ಕೈಗೆ ಬರುವುದು 89 ಎಲ್‌ಇಡಿ, 26 ಸ್ವಿಚ್, ಜೊತೆಗೆ ಡಯೋಡ್, ರೆಸಿಸ್ಟರ್‌ಗಳು.

ಗಿಡ್ಡ ಬಿಡಿಭಾಗಗಳು ಮೊದಲು. ಎಲ್‌ಇಡಿಯ ಉದ್ದ ಕಾಲು ಧನ ಬದಿಗೆ. ಒಂದೇ ಕಾಲಿಗೆ ಬೆಸುಗೆ ಹಾಕಿ, ಸಾಲು ನೇರವಿದೆಯೇ ನೋಡಿ, ಆಮೇಲೆ ಇನ್ನೊಂದಕ್ಕೆ ಹಾಕಿ. ಇಲ್ಲಿ ಅವಸರ ಬೇಡವೇ ಬೇಡ. ವಾರೆಯಾದ ಒಂದು ದೀಪ ಇಡೀ ಫಲಕದ ಅಂದ ಕೆಡಿಸುತ್ತದೆ. ಪೈ ಸಿಕ್ಕಿಸುವ ಮುನ್ನ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಶಾರ್ಟ್ ಇಲ್ಲವೆಂದು ಮಲ್ಟಿಮೀಟರ್‌ನಲ್ಲಿ ಖಚಿತಪಡಿಸಿಕೊಳ್ಳಿ. ನಿಮ್ಮದು ಕಡಲ ಊರು, ಉಪ್ಪಿನ ತೇವ ತಾಮ್ರವನ್ನು ತಿನ್ನುತ್ತದೆ. ಹಾಗಾಗಿ ಬೆಸುಗೆಯಲ್ಲಿ ಉಳಿದ ಫ್ಲಕ್ಸನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ.

ಮಗಳಿಗೆ ಇದನ್ನೂ ಹೇಳಿ: ಪಿಡಿಪಿ-8ರ ಕಾಲದಲ್ಲೇ, 1969ರಲ್ಲಿ, ಹೈದರಾಬಾದಿನ ಇಸಿಐಎಲ್ ಸಂಸ್ಥೆ ತನ್ನದೇ 12 ಬಿಟ್ ಕಂಪ್ಯೂಟರ್ ಟಿಡಿಸಿ-12 ಹೊರತಂದಿತ್ತು. ಕೊನೆಯ ಮಾತು: ಕಿಟ್ ಬಿಚ್ಚುವ ಮೊದಲು ಕೆಟ್ಟ ರೇಡಿಯೊದ ಬೋರ್ಡ್ ಒಂದರ ಮೇಲೆ, ಕಿಟಕಿ ತೆರೆದಿಟ್ಟು, ಇಬ್ಬರೂ ಕೈ ಪಳಗಿಸಿಕೊಳ್ಳಿ.