ಗಾಯಗೊಂಡ ಕಾರ್ಮಿಕನ ಹಕ್ಕು ಭಿಕ್ಷೆಯಲ್ಲ

ನಿಮ್ಮ ಮನೆಯ ಹುಡುಗನೊಬ್ಬ ಬೆಂಗಳೂರಿನ ಪೀಣ್ಯದ ವರ್ಕ್‌ಶಾಪೊಂದರಲ್ಲಿ ಕೆಲಸಕ್ಕಿದ್ದಾನೆ ಎನ್ನೋಣ. ಒಂದು ದಿನ ಪವರ್ ಪ್ರೆಸ್‌ಗೆ ಸಿಕ್ಕಿ ಅವನ ಹೆಬ್ಬೆರಳು ಹೋಯಿತು. ಮಾಲಕರು ಆಸ್ಪತ್ರೆಯ ಬಿಲ್ಲು ಕಟ್ಟಿದರು. ಕೈಗೆ ಒಂದಿಷ್ಟು ಹಣ ಕೊಟ್ಟು ಕಾಗದವೊಂದಕ್ಕೆ ಸಹಿ ಹಾಕಿಸಿಕೊಂಡರು. ನೋಡಲು ಬಂದ ಹಿರಿಯರು, "ಎಲ್ಲವೂ ಅಲ್ಲಾಹನ ವಿಧಿ, ಸಬ್ರ್ ಮಾಡು" ಎಂದರು. ವಿಷಯ ಅಲ್ಲಿಗೆ ಮುಗಿಯಿತು.

ಅದು ಅಲ್ಲಿಗೇ ಮುಗಿಯಬೇಕೇ?

ವಿಧಿಯಲ್ಲಿ ವಿಶ್ವಾಸವಿಡುವುದು ಈಮಾನಿನ ಭಾಗ, ನಿಜ. ಆದರೆ ಒಂಟೆಯನ್ನು ಕಟ್ಟಬೇಕೇ ಅಥವಾ ಹಾಗೆಯೇ ಬಿಟ್ಟು ತವಕ್ಕುಲ್ ಮಾಡಬೇಕೇ ಎಂದು ಕೇಳಿದವನಿಗೆ, ಕಟ್ಟಿದ ಬಳಿಕ ತವಕ್ಕುಲ್ ಮಾಡುವಂತೆ ಪ್ರವಾದಿವರ್ಯರು(ಸ) ಕಲಿಸಿದರು. ಸಬ್ರ್ ಎಂದರೆ ನೋವನ್ನು ಸಹಿಸುವುದು. ಹಕ್ಕನ್ನು ಬಿಟ್ಟುಕೊಡುವುದಕ್ಕೆ ಸಬ್ರ್ ಎಂಬ ಹೆಸರಿಲ್ಲ.

ಪ್ರೆಸ್‌ನ ಡೈ ಕ್ಷಣಾರ್ಧದಲ್ಲಿ ಕೆಳಗಿಳಿದು ತಗಡನ್ನು ಕತ್ತರಿಸುತ್ತದೆ. ಕೈ ಒಳಹೋಗದಂತೆ ತಡೆಯುವ ಗಾರ್ಡ್, ಎರಡೂ ಕೈಗಳಿಂದ ಎರಡು ಬಟನ್ ಒತ್ತಿದರೆ ಮಾತ್ರ ಓಡುವ ವ್ಯವಸ್ಥೆ, ಕೈ ಅಡ್ಡ ಬಂದರೆ ನಿಲ್ಲಿಸುವ ಸೆನ್ಸರ್ ಇವೆಲ್ಲ ಇವೆ. ಆದರೆ ಕೆಲಸ ನಿಧಾನವಾಗುತ್ತದೆಂದು ಅವನ್ನು ಕಳಚಿ ಕಾಲಿನ ಪೆಡಲ್‌ನಿಂದ ಯಂತ್ರ ಓಡಿಸಲಾಗುತ್ತದೆ. ಹತ್ತು ಹನ್ನೆರಡು ತಾಸು ದುಡಿದು ದಣಿದವನ ಕೈ ಒಮ್ಮೆ ತಪ್ಪಿದರೆ ಸಾಕು. ಅದನ್ನು ಅವನೊಬ್ಬನ ತಪ್ಪೆನ್ನುವುದು ನ್ಯಾಯವೇ?

ಕಾನೂನು ಹಾಗೆನ್ನುವುದಿಲ್ಲ. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ತಿರುಳು, ಈಗ ಅದರ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಕೆಲಸದಲ್ಲಿದ್ದಾಗ ಕೆಲಸದ ಕಾರಣದಿಂದಲೇ ಗಾಯವಾದರೆ ಪರಿಹಾರ ಸಿಗಬೇಕು. ಬರಿಯ ಅಜಾಗರೂಕತೆಯಿಂದ ಹಕ್ಕು ಹೋಗುವುದಿಲ್ಲ. ಕುಡಿದಿದ್ದರೆ, ಸುರಕ್ಷತಾ ನಿಯಮವನ್ನು ಬೇಕೆಂದೇ ಮೀರಿದ್ದರೆ ಅಥವಾ ಗಾರ್ಡನ್ನು ತಾನೇ ಬೇಕೆಂದು ಕಳಚಿದ್ದರೆ ಮಾತ್ರ ಪರಿಹಾರ ನಿರಾಕರಿಸಬಹುದು. ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಉಂಟಾದಾಗ ಅದಕ್ಕೂ ಅವಕಾಶವಿಲ್ಲ. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 30 ನಷ್ಟವೆಂದು ಕಾನೂನಿನ ಪಟ್ಟಿ ಹೇಳುತ್ತದೆ. ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆನೆಂದು ಬರೆಸಿಕೊಂಡ ಕಾಗದಕ್ಕೆ ಬೆಲೆಯಿಲ್ಲ. ಆದರೆ ಎರಡು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು.

ಇ.ಎಸ್.ಐ. ವ್ಯಾಪ್ತಿಗೆ ಬರುವವರಿಗೆ ಮಾಲಕನ ಬದಲು ಇ.ಎಸ್.ಐ. ನಿಗಮವೇ ಹೊಣೆ. ಚಿಕಿತ್ಸೆ ಉಚಿತ. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ವೇತನದ ಶೇ. 90 ಸಿಗುತ್ತದೆ. ಶಾಶ್ವತ ಊನವಾದರೆ ಅದರ ಪ್ರಮಾಣಕ್ಕೆ ತಕ್ಕ ಮಾಸಿಕ ಹಣ ಜೀವನಪೂರ್ತಿ ಬರುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಈ ಹಕ್ಕಿದೆ. ಹರಿಯಾಣದ ವಾಹನ ಬಿಡಿಭಾಗ ಕಾರ್ಖಾನೆಗಳಲ್ಲಿ ಬೆರಳು ಕಳೆದುಕೊಂಡ ಅನೇಕರಿಗೆ ಇ.ಎಸ್.ಐ. ಕಾರ್ಡ್ ಕೈಸೇರಿದ್ದು ಅಪಘಾತದ ನಂತರವೇ ಎಂದು 'ಸೇಫ್ ಇನ್ ಇಂಡಿಯಾ' ಸಂಸ್ಥೆಯ ವರದಿಗಳು ತೋರಿಸಿವೆ.

ಆದ್ದರಿಂದ ಮಗನೋ ತಮ್ಮನೋ ಕಾರ್ಖಾನೆಗೆ ಸೇರಿದ ದಿನವೇ ಅವನ ಇ.ಎಸ್.ಐ. ಕಾರ್ಡ್ ಕೇಳಿರಿ. ಅಪಘಾತವಾದರೆ ಅಪಘಾತದ ಪುಸ್ತಕದಲ್ಲಿ ದಾಖಲಿಸಿರಿ. ಆಸ್ಪತ್ರೆಯ ಚೀಟಿ, ವೇತನದ ಚೀಟಿ, ಜತೆ ಕೆಲಸಗಾರರ ಹೆಸರು ಜೋಪಾನವಾಗಿಡಿರಿ. ಓದಲಾಗದ ಕಾಗದಕ್ಕೆ ಸಹಿ ಹಾಕದಿರಿ. ಕಾರ್ಮಿಕ ಇಲಾಖೆಯ ಅಥವಾ ಇ.ಎಸ್.ಐ.ಯ ಕಚೇರಿಗೆ ಹೋಗಿ ವಿಚಾರಿಸಿರಿ.

ಮಾಲಕರಾಗಿರುವ ಓದುಗರಿಗೂ ಒಂದು ಮಾತು. ನಿಮ್ಮಲ್ಲಿ ದುಡಿಯುವವನ ಕೈ ನಿಮಗೊಪ್ಪಿಸಿದ ಅಮಾನತ್. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಕಲಿತವರು ನಾವು. ರಕ್ತ ಹರಿಸಿದವನ ಹಕ್ಕನ್ನು ತಡೆಹಿಡಿದು ನಾಳೆ ಅಲ್ಲಾಹನ ಮುಂದೆ ಏನೆಂದು ಉತ್ತರಿಸುವೆವು? ಇಂದೇ ನಿಮ್ಮ ಯಂತ್ರಗಳ ಬಳಿ ಹೋಗಿ, ಗಾರ್ಡ್ ಇದೆಯೇ ಎಂದು ಕಣ್ಣಾರೆ ನೋಡಿರಿ.

ಹಕ್ಕುದಾರನಿಗೆ ಅವನ ಹಕ್ಕನ್ನು ಸಲ್ಲಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.